ದೂರ ಒಂದು, ಕಾಲ ಹಲವು

ಎರಡು ವಿಮಾನ ನಿಲ್ದಾಣಗಳ ಹೆಸರನ್ನು ಗಣಕಯಂತ್ರದಲ್ಲಿ ಬರೆದರೆ ಸಾಕು, ನಡುವಣ ದೂರ ಇಷ್ಟು ಕಿಲೋಮೀಟರು, ಪ್ರಯಾಣದ ಅವಧಿ ಇಷ್ಟು ಗಂಟೆ ಎಂಬ ಉತ್ತರ ಕ್ಷಣಾರ್ಧದಲ್ಲಿ ದೊರೆಯುತ್ತದೆ. ಈ ಎರಡೂ ಅಂಕಿಗಳನ್ನು ನಾವು ಸಮಾನವಾಗಿ ನಂಬುತ್ತೇವೆ. ಅದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ದೂರವನ್ನು ನಿರ್ಧರಿಸುವುದು ಭೂಗೋಳ. ಕಾಲವನ್ನು ನಿರ್ಧರಿಸುವುದು ಗಾಳಿ ಮತ್ತು ರಾಜಕಾರಣ.

ಮೊದಲು ದೂರದ ಮಾತು. ಬೆಂಗಳೂರಿನ ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಸುಮಾರು 14,000 ಕಿ.ಮೀ. ಗೋಡೆಯ ಭೂಪಟವನ್ನು ನೋಡಿದವರಿಗೆ ಪೆಸಿಫಿಕ್ ಸಾಗರವನ್ನು ನೇರವಾಗಿ ದಾಟುವುದೇ ಹತ್ತಿರದ ದಾರಿಯೆನಿಸುತ್ತದೆ. ಗೋಲದ ಮೇಲೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿ: ಅದು ಆರ್ಕ್ಟಿಕ್ ವೃತ್ತವನ್ನೂ ದಾಟಿ, ಸೈಬೀರಿಯಾದ ಉತ್ತರದಂಚಿನಲ್ಲಿ ಸಾಗುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಸಹಚಾಲಕಿಯರು ಏರ್ ಇಂಡಿಯಾ ವಿಮಾನವನ್ನು ಇನ್ನೂ ಉತ್ತರಕ್ಕೆ, ಧ್ರುವದ ಮೇಲೆಯೇ ಹಾರಿಸಿ, ಸುಮಾರು 17 ಗಂಟೆಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಂದಿಳಿಸಿದರು.

ಇನ್ನು ಕಾಲ. ನ್ಯೂಯಾರ್ಕಿನಿಂದ ಲಂಡನ್ನಿಗೆ ಸಾಮಾನ್ಯವಾಗಿ ಏಳು ಗಂಟೆಯೊಳಗಿನ ಪ್ರಯಾಣ. ಹಿಂದಿರುಗುವಾಗ ಸುಮಾರು ಎಂಟು ಗಂಟೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಎತ್ತರದ ವಾಯುಪ್ರವಾಹವೇ ಇದಕ್ಕೆ ಮುಖ್ಯ ಕಾರಣ. 2020ರ ಫೆಬ್ರವರಿಯಲ್ಲಿ ಅದರ ಬೆಂಬಲ ಪಡೆದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಐದು ಗಂಟೆಯೂ ತುಂಬುವ ಮೊದಲೇ ಲಂಡನ್ ತಲುಪಿತು.

ಗಾಳಿಗಾದರೋ ಋತುಧರ್ಮವಿದೆ, ರಾಜಕಾರಣಕ್ಕೆ ಅದೂ ಇಲ್ಲ. 2022ರಲ್ಲಿ ಐರೋಪ್ಯ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದಾಗ, ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯಷ್ಟಿದ್ದ ಹಾರಾಟ ಹದಿಮೂರು ಗಂಟೆಯಷ್ಟಾಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ನಿರ್ಬಂಧಿಸಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೊರಟವರು ಬಳಸುದಾರಿ ಹಿಡಿಯಬೇಕಾಯಿತು. ಎರಡು ಸಂದರ್ಭಗಳಲ್ಲಿಯೂ ಊರುಗಳ ನಡುವಣ ಅಂತರ ಒಂದು ಗೇಣೂ ಹೆಚ್ಚಿರಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವಿದೆ. ನನ್ನ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಅನೇಕರು ಹೊರದೇಶಗಳಲ್ಲಿದ್ದೀರಿ. "ಹದಿನೇಳೇ ಗಂಟೆ, ಬಂದುಬಿಡಿ" ಎಂದು ತಂದೆತಾಯಿಯರನ್ನು ಪ್ರೀತಿಯಿಂದ ಕರೆಯುತ್ತೀರಿ. ಆ ಲೆಕ್ಕದಲ್ಲಿ ಊರಿನಿಂದ ದೇವನಹಳ್ಳಿಗೆ ಹೋಗುವ ರಾತ್ರಿ ಬಸ್ಸಿಲ್ಲ, ಮೂರು ಗಂಟೆ ಮೊದಲೇ ಹೋಗಿ ಕಾಯುವುದಿಲ್ಲ, ನಡುವೆ ವಿಮಾನ ಬದಲಿಸುವುದಿಲ್ಲ, ವಲಸೆ ತಪಾಸಣೆಯ ಸರತಿಯಿಲ್ಲ. ಟಿಕೆಟ್ಟಿನಲ್ಲಿ ಮುದ್ರಿತವಾಗಿರುವ ವೇಳೆಗಳೂ ಆಯಾ ಊರಿನವು. ಕ್ಯಾಲಿಫೋರ್ನಿಯಾ ನಮಗಿಂತ ಬೇಸಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದಿರುವುದರಿಂದ, ಹೊರಟ ದಿನವೇ ತಲುಪಿದಂತೆ ಕಾಣುತ್ತದೆ. ಎಪ್ಪತ್ತು ದಾಟಿದವರ ಊದಿದ ಪಾದಗಳಿಗೆ ಈ ಗಣಿತ ಸಮಾಧಾನ ನೀಡದು.

ಆದ್ದರಿಂದ ಹಿರಿಯರನ್ನು ಕರೆಯುವಾಗ ಹೊಸ್ತಿಲಿನಿಂದ ಹೊಸ್ತಿಲಿಗೆ ಎಣಿಸಿ ಹೇಳಿ. ಅಗ್ಗದ ದರಕ್ಕಾಗಿ ಎರಡು ಕಡೆ ಇಳಿದು ಹತ್ತುವ ಟಿಕೆಟ್ಟನ್ನು ಅವರಿಗೆ ಕೊಳ್ಳಬೇಡಿ. ಅವರ ದೇಹ ಒಪ್ಪದಿದ್ದರೆ ಒತ್ತಾಯಿಸದೆ ನೀವೇ ಬನ್ನಿ. ಅಷ್ಟೇ ಗಂಟೆಗಳು ನಿಮ್ಮ ವಯಸ್ಸಿಗೆ ಹಗುರ.