ದರಪಟ್ಟಿ ಇಲ್ಲದ ಅಂಗಡಿಗಳ ಬೀದಿ

ವಿಶಾಖಪಟ್ಟಣದ ಬಸ್ ಕಾಂಪ್ಲೆಕ್ಸಿನಿಂದ ಹೊರಬಿದ್ದು ದ್ವಾರಕಾ ನಗರದೊಳಗೆ ನಡೆದರೆ ಬೋರ್ಡುಗಳೇ ಬೋರ್ಡುಗಳು. ಕೋಚಿಂಗ್ ಸೆಂಟರು, ಬಟ್ಟೆ ಅಂಗಡಿ, ಸ್ಕ್ಯಾನಿಂಗ್ ಸೆಂಟರು, ಆಸ್ಪತ್ರೆ. ಕೋಚಿಂಗಿನವರು ಫೀಸು ಎಷ್ಟೆಂದು ತಾವೇ ಹೇಳುತ್ತಾರೆ. ಪಕ್ಕದವರು ಕಡಿಮೆ ಹೇಳಿದರು ಅಂದರೆ ಇಳಿಸುತ್ತಾರೆ. ಸೀರೆಯಂಗಡಿಯಲ್ಲೂ ಅಷ್ಟೇ. ಪೈಪೋಟಿ ಅಂದರೆ ಇದು ಎಂದೇ ನಾವೆಲ್ಲ ನಂಬಿದ್ದೇವೆ.

ಅದೇ ನಂಬಿಕೆಯಲ್ಲಿ, ಊರಿನಿಂದ ಬಂದಿದ್ದ ಅಮ್ಮನ ಪಿತ್ತಕೋಶದ ಆಪರೇಷನ್ನಿಗೆ ಎಷ್ಟಾಗುತ್ತದೆಂದು ಈ ಊರಿನ ನಾಲ್ಕು ಆಸ್ಪತ್ರೆಗಳಿಗೆ ಫೋನ್ ಮಾಡಿದೆ. ಮೂರು ಕಡೆ ಒಂದೇ ಉತ್ತರ: 'ಮೊದಲು ಪೇಷಂಟನ್ನು ಕರೆತನ್ನಿ.' ನಾಲ್ಕನೆಯವರು ಒಂದು ಮೊತ್ತ ಹೇಳಿದರು. ಡಿಸ್‌ಚಾರ್ಜಿನ ದಿನ ಬಂದ ಬಿಲ್ಲು ಆ ಮೊತ್ತದ ನೆಂಟನೂ ಆಗಿರಲಿಲ್ಲ.

'ಆಸ್ಪತ್ರೆಗಳು ಹೆಚ್ಚಾಗಲಿ, ದರ ತಾನಾಗಿ ಇಳಿಯುತ್ತದೆ' ಎನ್ನುವ ಗೆಳೆಯರಿಗೆ ನನ್ನದೊಂದು ಪ್ರಶ್ನೆ. ಬೆಲೆಯೇ ಗೊತ್ತಿಲ್ಲದ ಗಿರಾಕಿಗಾಗಿ ಯಾರು ಬೆಲೆ ಇಳಿಸುತ್ತಾರೆ? ಪೈಪೋಟಿ ಇಲ್ಲವೆಂದಲ್ಲ, ಭಯಂಕರವಾಗಿದೆ. ಆದರೆ ಅದು ನಡೆಯುವುದು ಹೆಸರಾಂತ ಸರ್ಜನ್ನನ್ನು ಸೆಳೆಯಲು, ಪಕ್ಕದವರಿಗಿಂತ ಮೊದಲು ಹೊಸ ಸ್ಕ್ಯಾನಿಂಗ್ ಯಂತ್ರ ತರಲು, ರೋಗಿಯನ್ನು ಕಳಿಸಿಕೊಡುವ ಡಾಕ್ಟರನ್ನು ಒಲಿಸಿಕೊಳ್ಳಲು. ಯಂತ್ರ ಬಂತೆಂದರೆ ಅದರ ಸಾಲದ ಕಂತೂ ಬಂತು. ಕಂತು ತೀರಬೇಕಾದರೆ ಅದರೊಳಗೆ ದಿನವೂ ಯಾರಾದರೂ ಮಲಗಬೇಕು. ಹಾಸಿಗೆ ಹೆಚ್ಚಿಸಿದರೆ ಅದನ್ನು ತುಂಬುವ ರೋಗಿಗಳೂ ಹೆಚ್ಚುತ್ತಾರೆಂದು ಅಮೆರಿಕದ ಮಿಲ್ಟನ್ ರೋಮರ್ ಅರವತ್ತು ವರ್ಷಗಳ ಹಿಂದೆಯೇ ತೋರಿಸಿದ್ದರು.

ಸ್ಟೆಂಟಿನ ಕತೆ ನೆನಪಿಸಿಕೊಳ್ಳಿ. ಹೃದಯದ ರಕ್ತನಾಳಕ್ಕೆ ಹಾಕುವ ಈ ಪುಟ್ಟ ಜಾಲರಿಯನ್ನು ಮಾರಲು ಕಂಪನಿಗಳು ಹಲವಿದ್ದವು. ಆದರೂ ಔಷಧ ಲೇಪಿತ ಸ್ಟೆಂಟಿಗೆ ರೋಗಿ ಲಕ್ಷ ಮೀರಿ ತೆರುತ್ತಿದ್ದ. ಕಾರಣ ಸರಳ. ಆರಿಸುವವನು ರೋಗಿಯಲ್ಲ, ಆಸ್ಪತ್ರೆ. ಎಂಆರ್‌ಪಿ ಹೆಚ್ಚಿದ್ದಷ್ಟೂ ಆಸ್ಪತ್ರೆಗೆ ಲಾಭ ಹೆಚ್ಚು. ಹಾಗಾಗಿ ಕಂಪನಿಗಳು ಬೆಲೆ ಏರಿಸಿ ಪೈಪೋಟಿ ನಡೆಸಿದವು! 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 29,600 ರೂಪಾಯಿಯ ಮಿತಿ ಹಾಕಿತು. ದರ ಇಳಿದದ್ದು ಆಗ, ಮಾರುಕಟ್ಟೆಯ ಕೃಪೆಯಿಂದಲ್ಲ.

ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಕರ್ನಾಟಕದಲ್ಲಿ ಏನಾಯಿತು? ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕುವ ಮಸೂದೆ ತರಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಹೊರರೋಗಿ ವಿಭಾಗಗಳು ಬಾಗಿಲು ಹಾಕಿದವು. ಕೊನೆಗೆ ಕಾಯ್ದೆ ಬಂತು, ಆದರೆ ಮಿತಿ ಉಳಿದದ್ದು ಸರ್ಕಾರಿ ಯೋಜನೆಗಳ ರೋಗಿಗಳಿಗೆ ಮಾತ್ರ. ಪರಸ್ಪರ ಪೈಪೋಟಿಯಲ್ಲಿದ್ದೇವೆ ಎನ್ನುವವರು ಎಷ್ಟು ಬೇಗ ಒಂದಾದರು ನೋಡಿ.

ಇಲ್ಲಿ ಆಂಧ್ರದಲ್ಲೂ ಅದೇ ಭೇದ. 2007ರಲ್ಲಿ ಆರೋಗ್ಯಶ್ರೀ ಎಂಬ ಹೆಸರಿನಲ್ಲಿ ಶುರುವಾದ ಯೋಜನೆಯಲ್ಲಿ ಪ್ರತಿ ಆಪರೇಷನ್ನಿಗೂ ನಿಗದಿತ ಪ್ಯಾಕೇಜ್ ದರವಿದೆ, ಖಾಸಗಿ ಆಸ್ಪತ್ರೆಗಳು ಅದನ್ನು ಒಪ್ಪಿಕೊಂಡೇ ಚಿಕಿತ್ಸೆ ಕೊಡುತ್ತವೆ. ಆ ದರ ಸಾಲದೆಂಬ, ಬಾಕಿ ಬರುವುದು ತಡವೆಂಬ ಅವರ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ದರ ನಿಗದಿ ಮಾಡಲು ಸಾಧ್ಯವೇ ಇಲ್ಲ ಎನ್ನುವ ಮಾತು ಅಲ್ಲಿಗೆ ಬಿತ್ತಲ್ಲ? ಅದೇ ಥಿಯೇಟರು, ಅದೇ ಸರ್ಜನ್. ಇಲ್ಲಿನ ಕಾರ್ಡಿಲ್ಲದ ವಲಸಿಗನಿಗೆ ಮಾತ್ರ ದರವೊಂದು ಗುಟ್ಟು. ಕಂಪನಿಯ ಇನ್ಶೂರೆನ್ಸ್ ಇದೆಯಲ್ಲ ಎನ್ನಬೇಡಿ. ಉಬ್ಬಿದ ಬಿಲ್ಲು ಮುಂದೆ ಪ್ರೀಮಿಯಂ ಆಗಿ ಮರಳುತ್ತದೆ. ಪಿಜಿಯಲ್ಲಿರುವ ವಿದ್ಯಾರ್ಥಿಗೆ, ಊರಲ್ಲಿ ಉಳಿದ ಅಪ್ಪನಿಗೆ ಅದೂ ಇಲ್ಲ.

ಪೈಪೋಟಿಯೇ ಬೇಡ ಅನ್ನುತ್ತಿಲ್ಲ. ಇಂಗ್ಲೆಂಡಿನಲ್ಲಿ ದರವನ್ನು ಸರ್ಕಾರವೇ ನಿಗದಿ ಮಾಡಿ, 2006ರಿಂದ ಆಸ್ಪತ್ರೆ ಆರಿಸುವ ಹಕ್ಕನ್ನು ರೋಗಿಗೆ ಕೊಟ್ಟರು. ಪೈಪೋಟಿ ಹೆಚ್ಚಿದ್ದ ಕಡೆಗಳಲ್ಲಿ ಹೃದಯಾಘಾತದ ಸಾವುಗಳು ಹೆಚ್ಚು ವೇಗವಾಗಿ ಇಳಿದವೆಂದು ಅಧ್ಯಯನಗಳು ಕಂಡವು. ಬೆಲೆಯಲ್ಲಿ ಆಟವಾಡುವಂತಿಲ್ಲದಾಗ ಗುಣಮಟ್ಟದಲ್ಲೇ ಗೆಲ್ಲಬೇಕಾಯಿತು.

ಮೊದಲು ದರ ಕಟ್ಟಲಿ, ಆಮೇಲೆ ಬೇಕಾದಷ್ಟು ಸೆಣಸಾಡಲಿ. ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಒಂದಿದೆ. ದಾಖಲಾಗುವ ಮೊದಲು ಅಂದಾಜು ವೆಚ್ಚವನ್ನು ಬರಹದಲ್ಲಿ ಕೇಳೋಣ. ಒಬ್ಬ ಕೇಳಿದರೆ ಕಿರಿಕಿರಿ, ಎಲ್ಲರೂ ಕೇಳಿದರೆ ಪದ್ಧತಿ. ಸೀರೆಗೆ ಹತ್ತು ರೂಪಾಯಿ ಬಿಡದ ನಾವು, ಅಮ್ಮನನ್ನು ಸ್ಟ್ರೆಚರಿನ ಮೇಲೆ ಮಲಗಿಸಿದ ಮೇಲೆ ಮೂಗರಾಗುವುದು ಎಲ್ಲರಿಗಿಂತ ಚೆನ್ನಾಗಿ ಆಸ್ಪತ್ರೆಗೆ ಗೊತ್ತಿದೆ.