ಮೊದಲು ಅವರನ್ನು ಕೇಳಿ

ಹೋದ ಶುಕ್ರವಾರ ನೆರೆಮನೆಯವರು ಅರಿಸಿನ ಕುಂಕುಮಕ್ಕೆ ಕರೆದಿದ್ದರು. ತಾಂಬೂಲ ಕೈಗೆ ಬಂದ ಮೇಲೆ ಮಾತಿಗೇನು ಬರ? ಆ ಮನೆಯ ಹಿರಿಯರಾದ ದೊಡ್ಡಮ್ಮನವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ದಿನವೂ ಹೆಗಲಿಗೆ ಚೀಲ ಹಾಕಿಕೊಂಡು ಹೊರಡುತ್ತೀಯಲ್ಲಮ್ಮ, ನಿನ್ನದು ಯಾವ ಕೆಲಸ?” ಎಂದು ಕೇಳಿದರು.

“ಸ್ವಲೀನತೆ ಇರುವ ದೊಡ್ಡವರಿಗೆ ಬೇಕಾದ ನೆರವನ್ನು ಹೊಂದಿಸಿಕೊಡುವುದು, ದೊಡ್ಡಮ್ಮ. ಆಟಿಸಂ ಎನ್ನುತ್ತಾರಲ್ಲ, ಅದು.”

“ಅದು ಮಕ್ಕಳಿಗಲ್ಲವೆ ಇರುವುದು?”

“ಮಕ್ಕಳು ಮಕ್ಕಳಾಗಿಯೇ ಉಳಿಯುತ್ತಾರೆಯೆ?” ಎಂದೆ. ದೊಡ್ಡಮ್ಮ ಏಕೋ ಥಟ್ಟನೆ ಸುಮ್ಮನಾದರು.

ವಾಚಕರಲ್ಲಿಯೂ ಹಲವರು ಹೀಗೆಯೇ ತಿಳಿದಿರಬಹುದು. ಸ್ವಲೀನತೆಯು ಬಂದು ಹೋಗುವ ಕಾಯಿಲೆಯಲ್ಲ. ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ, ಬಾಳಿನುದ್ದಕ್ಕೂ ಜೊತೆಗೆ ಬರುವ ಒಂದು ಭೇದ. ನಾವು ಗಮನಿಸದ ಸದ್ದು ಕೆಲವರ ಕಿವಿಗೆ ಮೊಳೆಯಂತೆ ನಾಟುತ್ತದೆ. ಹೇಳಿಟ್ಟ ಹೊತ್ತು ತಪ್ಪಿದರೆ ಕೆಲವರಿಗೆ ಕಾಲ ಕೆಳಗಿನ ನೆಲವೇ ಜಾರಿದಂತಾಗುತ್ತದೆ. ಪದವಿ ಪಡೆದು ಉದ್ಯೋಗದಲ್ಲಿರುವವರೂ ಇದ್ದಾರೆ. ಸ್ನಾನಕ್ಕೂ ಊಟಕ್ಕೂ ಕೈಗೂಡಿಸಬೇಕಾದವರೂ ಇದ್ದಾರೆ.

ಅಮೆರಿಕದ ವೈದ್ಯರಾದ ಲಿಯೋ ಕ್ಯಾನರ್ ಅವರು 1943ರಲ್ಲಿ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದಾಗ, ಅದರಲ್ಲಿ ಮೊದಲನೆಯವನಾಗಿದ್ದ ಬಾಲಕ ಡೊನಾಲ್ಡ್ ಟ್ರಿಪ್ಲೆಟ್. ಮೂರು ವರ್ಷದ ಮಗುವಾಗಿದ್ದಾಗ ಅವನನ್ನು ದೂರದ ಆಶ್ರಯಾಲಯವೊಂದಕ್ಕೆ ಸೇರಿಸಿದ್ದ ತಂದೆತಾಯಿಗಳು ಮನಸ್ಸು ಬದಲಿಸಿ ಮರಳಿ ಕರೆತಂದರು. ಆತ ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಬೆಳೆದು, ಅಲ್ಲಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿ, ಕಾರು ನಡೆಸಿ, ಗಾಲ್ಫ್ ಆಡಿ, ದೇಶದೇಶ ಸುತ್ತಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಊರವರು ಆತನನ್ನು ಇದ್ದಂತೆಯೇ ತಮ್ಮವನೆಂದುಕೊಂಡರು. ಆದರೆ ಆ ಬ್ಯಾಂಕು ಮನೆತನದ್ದೇ ಆಗಿತ್ತೆಂಬುದನ್ನೂ ಮರೆಯಬಾರದು. ಬ್ಯಾಂಕಿಲ್ಲದ ಮನೆಗಳಲ್ಲಿಯೂ ಇಂತಹವರು ಹುಟ್ಟುತ್ತಾರೆ. ನಮ್ಮ ಕೆಲಸ ಅಲ್ಲಿಂದ ಮೊದಲಾಗುತ್ತದೆ.

ಕೆಲಸದ ಬಹುಪಾಲು ಓಡಾಟವೇ. ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸುವುದು, ಬ್ಯಾಂಕಿನಲ್ಲಿ ಖಾತೆ ತೆರೆಸುವುದು, ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಗೆ ಅರ್ಜಿ ಹಾಕಿಸುವುದು, ಬಸ್ಸಿನ ದಾರಿ ಕಲಿಸುವುದು, ಹಲ್ಲಿನ ವೈದ್ಯರಿಗೆ ಮುಂಚಿತವಾಗಿ ವಿಷಯ ತಿಳಿಸುವುದು. 18 ತುಂಬಿದೊಡನೆ ಮಗನ ಪರವಾಗಿ ಸಹಿ ಹಾಕುವ ಹಕ್ಕು ತಂದೆತಾಯಿಗಳಿಗೆ ತಾನಾಗಿ ಉಳಿಯುವುದಿಲ್ಲವೆಂಬ ಸಂಗತಿ ಎಷ್ಟೋ ಮನೆಗಳಿಗೆ ತಿಳಿಯದು. ಅಗತ್ಯವಿದ್ದವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ, ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯು ಪಾಲಕರನ್ನು ನೇಮಿಸುತ್ತದೆ. ಎಲ್ಲರಿಗೂ ಅದು ಬೇಕಾಗದು. ತಮ್ಮ ನಿರ್ಧಾರವನ್ನು ತಾವೇ ಮಾಡಬಲ್ಲವರು ಅನೇಕರಿದ್ದಾರೆ.

ಇಷ್ಟೆಲ್ಲ ಬಲ್ಲ ನಾನೇ ಒಮ್ಮೆ ಎಡವಿದೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ 27 ವರ್ಷದ ಯುವಕರೊಬ್ಬರಿದ್ದಾರೆ. ತಾಯಿಗೆ 66, ತಂದೆಯಿಲ್ಲ. ಮಾತು ಕಡಮೆ, ಹಾಳೆಗಳನ್ನು ಕ್ರಮವಾಗಿ ಜೋಡಿಸುವುದರಲ್ಲಿ ಅವರ ಕೈಗೆ ಸಮನಿಲ್ಲ. ಬೈಂಡಿಂಗ್ ಕೆಲಸ ಮಾಡುವ ಮುದ್ರಣಾಲಯವೊಂದರ ಯಜಮಾನರು ಸಂತೋಷದಿಂದ ಒಪ್ಪಿದರು. ತಾಯಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಮೂರನೆಯ ದಿನ ಮಧ್ಯಾಹ್ನ ಯುವಕರು ಕಿವಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕುಳಿತರು. ಬಳಿಕ ಯಾರಿಗೂ ಹೇಳದೆ ನಾಲ್ಕು ಕಿಲೋಮೀಟರು ನಡೆದು ಮನೆ ಸೇರಿದರು. “ಇವನಿಂದ ಆಗುವುದಿಲ್ಲ ಬಿಡಮ್ಮ. ನಾನಿರುವ ತನಕ ಸರಿ, ಆಮೇಲೆ?” ಎಂದು ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ತಾಯಿಯನ್ನು ಕೇಳಿದ್ದೆ, ಯಜಮಾನರನ್ನು ಕೇಳಿದ್ದೆ, ವೈದ್ಯರನ್ನೂ ಕೇಳಿದ್ದೆ. ಕೆಲಸಕ್ಕೆ ಹೋಗಬೇಕಾದವರನ್ನು ಮಾತ್ರ ಕೇಳಿರಲಿಲ್ಲ!

ಮರುದಿನ ಹೋಗಿ, ಅವರ ಮುಂದೆ ಒಂದು ಹಾಳೆಯನ್ನೂ ಪೆನ್ಸಿಲನ್ನೂ ಇಟ್ಟು, “ಅಲ್ಲಿ ಯಾವುದು ಬೇಡ?” ಎಂದು ಬರೆದು ಕಾದೆ. ಬಹಳ ಹೊತ್ತು ಕಾದೆ. ಕೊನೆಗೆ ಅವರು ಎರಡು ಸಾಲು ಬರೆದರು: “ಕತ್ತರಿಸುವ ಯಂತ್ರ. ಒಂದು ಗಂಟೆಗೆ ಊಟ ಎಂದರು, ಕೊಡಲಿಲ್ಲ.” ವಿಚಾರಿಸಿದರೆ, ಆ ದಿನ ತುರ್ತು ಕೆಲಸ ಬಂದು ಊಟದ ಹೊತ್ತನ್ನು ಮುಂದಕ್ಕೆ ಹಾಕಿದ್ದರು, ಇವರಿಗೆ ಯಾರೂ ತಿಳಿಸಿರಲಿಲ್ಲ.

ಅವರ ಮೇಜನ್ನು ಒಳಕೋಣೆಗೆ ಸರಿಸಿದೆವು. ದಿನದ ವೇಳೆಯನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಬದಲಾವಣೆಯಿದ್ದರೆ ಬೆಳಿಗ್ಗೆಯೇ ತಿದ್ದಬೇಕೆಂದು ಗೊತ್ತುಮಾಡಿದೆವು. ಖರ್ಚು ಏನೂ ಇಲ್ಲ. ಈಗ ಎಂಟು ತಿಂಗಳಾಗಿದೆ. ಎಲ್ಲ ದಿನವೂ ಸುಸೂತ್ರವೆಂದು ಹೇಳಲಾರೆ. ಮನೆಯಲ್ಲಿಯೇ ಉಳಿಯುವ ದಿನಗಳೂ ಉಂಟು. ಆದರೆ “ಆ ಚೀಟಿಯನ್ನು ಈಗ ಉಳಿದ ಕೆಲಸಗಾರರೂ ನೋಡಿಕೊಳ್ಳುತ್ತಾರೆ” ಎಂದು ಯಜಮಾನರು ನಗುತ್ತ ಹೇಳಿದರು.

ತಾಯಿಯ ಆ “ಆಮೇಲೆ” ಎಂಬ ಪ್ರಶ್ನೆ ಚೀಟಿಯಿಂದ ತೀರುವಂಥದಲ್ಲ. ಅದಕ್ಕಾಗಿ ಒಂದು ನೋಟುಬುಕ್ಕನ್ನು ತುಂಬಿಸುತ್ತಿದ್ದೇವೆ: ಯಾವ ಔಷಧ, ಯಾವ ಬಸ್ಸು, ಯಾರ ಮಾತಿಗೆ ಓಗೊಡುತ್ತಾರೆ, ಹಣದ ಪತ್ರಗಳು ಎಲ್ಲಿವೆ. ಮೈಸೂರಿನಲ್ಲಿರುವ ಚಿಕ್ಕಮ್ಮನ ಮಗಳು ತಿಂಗಳಿಗೊಮ್ಮೆ ಬಂದು ರೂಢಿ ಮಾಡಿಕೊಳ್ಳುತ್ತಿದ್ದಾರೆ. ಮೊದಲ ಪುಟವನ್ನು ಮಾತ್ರ ಯುವಕರೇ ಬರೆದಿದ್ದಾರೆ: “ಬೆಳಿಗ್ಗೆ ಮೊದಲು ಕಾಫಿ. ಮಾತು ಆಮೇಲೆ.” ಇಪ್ಪತ್ತೇಳು ವರ್ಷ ಕಾಫಿಯ ಜೊತೆಗೆ ಬುದ್ಧಿಮಾತನ್ನೂ ಬೆರೆಸಿ ಕೊಟ್ಟಿದ್ದ ತಾಯಿ ಅದನ್ನೋದಿ ನಕ್ಕರು, ನಗುತ್ತಲೇ ಕಣ್ಣು ತುಂಬಿಕೊಂಡರು.

ಇದನ್ನೆಲ್ಲ ಕೇಳಿದ ದೊಡ್ಡಮ್ಮ, ಹೊರಡುವಾಗ ಗೇಟಿನವರೆಗೂ ಬಂದರು. ಅತ್ತಿತ್ತ ನೋಡಿ ದನಿ ತಗ್ಗಿಸಿ, “ನಮ್ಮ ತಂಗಿಯ ಮಗನೊಬ್ಬನಿದ್ದಾನಮ್ಮ. ನಲವತ್ತಾಯಿತು. ನೆಂಟರು ಬಂದರೆ ಅವನನ್ನು ಹಿತ್ತಿಲ ಕೋಣೆಗೆ ಕಳಿಸುತ್ತಾರೆ. ನೀನೊಮ್ಮೆ ಬರುತ್ತೀಯಾ?” ಎಂದರು.

“ಖಂಡಿತ ಬರುತ್ತೇನೆ, ದೊಡ್ಡಮ್ಮ. ಆದರೆ ನಾನು ಬರಬಹುದೆ ಎಂದು ಮೊದಲು ಅವರನ್ನು ಕೇಳಿ” ಎಂದೆ.