ಇಪ್ಪತ್ತೋ, ಎಪ್ಪತ್ತೋ? ಕಾನ್ಫರೆನ್ಸ್ ಫೋನ್ ಕೊಳ್ಳುವ ಮುನ್ನ



ನಾಲ್ಕಾರು ಜನ ಒಂದೆಡೆ ಕುಳಿತು ದೂರದೂರಿನಲ್ಲಿರುವವರೊಡನೆ ಕೂಡಿ ಮಾತನಾಡುವುದಕ್ಕಾಗಿ ಮಾಡಿದ ದೂರವಾಣಿಗೆ ಕಾನ್ಫರೆನ್ಸ್ ಫೋನ್ ಎಂದು ಹೆಸರು. ಹೊಲಮನೆ ಒಂದೂರಲ್ಲಿ, ಅಂಗಡಿ ಇನ್ನೊಂದೂರಲ್ಲಿ, ಮಕ್ಕಳು ಬೆಂಗಳೂರಿನಲ್ಲಿ ಎಂಬಂತಿರುವ ಪಾಲುಗಾರಿಕೆಯ ಮನೆತನಗಳಿಗೆ ಇದು ಇಂದು ಬೇಕಾದ ವಸ್ತುವಾಗಿದೆ. ಯಾವುದನ್ನು ಕೊಳ್ಳಬೇಕೆಂದು ಕೇಳುವವರಿಗೆ ನಾವು ಕಂಪನಿಯ ಹೆಸರು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ನಡೆದುದನ್ನು ಹೇಳುತ್ತೇವೆ.

ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಲ್ಲಿ ನಮ್ಮ ಹಿರಿಯರ ಮನೆ. ಬ್ಯಾಡಗಿಯಲ್ಲಿ ನಮ್ಮ ತಮ್ಮನ ಮೆಣಸಿನಕಾಯಿ ಅಂಗಡಿ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಡಬ್ಬಿಯಿರಲಿ, ಕಡ್ಡಿಯಿರಲಿ, ಅದರ ಬೆಲೆಯೆಲ್ಲ ಕೆಂಪಿನಲ್ಲಿದೆ. ಬಿಸಿಲ ಝಳಕ್ಕೆ ಆ ಕೆಂಪು ಮಾಸುವುದರಿಂದ ವ್ಯಾಪಾರಸ್ಥರು ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿರಿಸಿ, ಪೇಟೆಯ ಧಾರಣೆ ನೋಡಿಕೊಂಡು ಹೊರತೆಗೆಯುತ್ತಾರೆ. ಎಷ್ಟು ಚೀಲ ತೆಗೆಯಬೇಕೆಂಬುದೇ ನಮ್ಮಂಥ ಮನೆಗಳಲ್ಲಿ ದೊಡ್ಡ ವಿಚಾರ. ನಮ್ಮಲ್ಲಿ ಅದರ ಕೊನೆಯ ಮಾತು ತಾಯಿಯವರದು.

2008ರ ಬೇಸಿಗೆಯಲ್ಲಿ ನಾವು ಪಡಸಾಲೆಗೆ ಅಗ್ಗದ ಸ್ಪೀಕರ್ ಫೋನೊಂದನ್ನು ತಂದಿರಿಸಿದ್ದೆವು. ಅಣ್ಣನವರು, ನಾವು, ಕಾಕಾ ಅವರು ಅದರ ಸುತ್ತ ಕುಳಿತಿದ್ದೆವು. ತಾಯಿಯವರು ಎಂದಿನಂತೆ ಗೋಡೆಗೊರಗಿ ದೂರದಲ್ಲಿದ್ದರು. ಅತ್ತ ತಮ್ಮನ ಅಂಗಡಿಯಲ್ಲಿ ಹಮಾಲರ ಗದ್ದಲ. ತಾಯಿಯವರು, ‘ಇಪ್ಪತ್ತು ಚೀಲ ತೆಗಸಪಾ, ಸಾಕು’ ಎಂದರು. ತಮ್ಮ ‘ಆತು ಅವ್ವಾ’ ಎಂದ. ಮರುದಿನ ಹೊರಬಂದವು ಎಪ್ಪತ್ತು ಚೀಲ.

ಆ ವಾರ ಧಾರಣೆ ಇಳಿಯಿತು. ಮತ್ತೆ ಹಮಾಲಿ, ಬಾಡಿಗೆ ತೆತ್ತು ಒಳಗಿಡುವುದಕ್ಕಿಂತ ಬಂದ ಬೆಲೆಗೆ ಕೊಡುವುದೇ ಲೇಸೆಂದು ಐವತ್ತು ಚೀಲಗಳನ್ನು ನಷ್ಟಕ್ಕೆ ಮಾರಬೇಕಾಯಿತು. ಹಣದ ನಷ್ಟವನ್ನು ಮುಂದಿನ ಸುಗ್ಗಿ ತುಂಬಿಕೊಟ್ಟೀತು. ಆದರೆ ಅಣ್ಣನವರು, ‘ಹಿರಿಯರ ಮಾತು ಮೀರಿದ’ ಎಂದರು. ತಮ್ಮ, ‘ಅವ್ವ ಎಪ್ಪತ್ತೆಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ’ ಎಂದ. ತಮಗೇ ಮರೆವು ಬಂದಿತೇನೋ ಎಂದು ತಾಯಿಯವರು ತಮ್ಮನ್ನೇ ಶಂಕಿಸತೊಡಗಿದರು. ಅಣ್ಣತಮ್ಮಂದಿರು ನಾಗರಪಂಚಮಿಯವರೆಗೆ ಮಾತು ಬಿಟ್ಟಿದ್ದರು.

ಪಂಚಮಿಗೆ ತವರಿಗೆ ಬಂದ ತಂಗಿಯ ಮಗ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗ. ಅವನು ನಮ್ಮನ್ನು ಬ್ಯಾಡಗಿಯ ಅಂಗಡಿಗೆ ಕಳುಹಿಸಿ, ತಾನು ಅಜ್ಜಿಯ ಜಾಗದಲ್ಲಿ ಗೋಡೆಗೊರಗಿ ಕುಳಿತು, ಹತ್ತರಿಂದ ತೊಂಬತ್ತರವರೆಗಿನ ಹತ್ತುಗಳನ್ನು ಹಿಂದುಮುಂದಾಗಿಸಿ ಫೋನಿನಲ್ಲಿ ಹೇಳಿದ. ನಾವೂ ತಮ್ಮನೂ ಬೇರೆ ಬೇರೆ ಹಾಳೆಗಳಲ್ಲಿ ಬರೆದುಕೊಂಡೆವು. ಒಂಬತ್ತು ಅಂಕಿಗಳಲ್ಲಿ ನಾಲ್ಕು ಇಬ್ಬರಲ್ಲೂ ತಪ್ಪಿದ್ದವು. ತಪ್ಪಿದ್ದು ತಮ್ಮನಲ್ಲ, ತಾಯಿಯವರೂ ಅಲ್ಲ, ಮೇಜಿನ ಮೇಲಿನ ಡಬ್ಬಿ ಎಂಬುದು ಆಗ ತಿಳಿಯಿತು.

ಕಾರಣವಿಷ್ಟೆ. ಸ್ಪೀಕರಿನಿಂದ ಹೊರಬಂದ ದನಿ ಪಕ್ಕದ ಮೈಕಿಗೆ ಸೇರಿದರೆ ಪ್ರತಿಧ್ವನಿಯೇಳುತ್ತದೆ. ಅದನ್ನು ತಪ್ಪಿಸಲು ಅಗ್ಗದ ಉಪಕರಣವು ಅತ್ತಲಿನ ಸದ್ದು ಬರುತ್ತಿರುವಾಗ ಇತ್ತಲಿನ ಮೈಕನ್ನು ಮುಚ್ಚುತ್ತದೆ. ಇದನ್ನು ಹಾಫ್ ಡ್ಯೂಪ್ಲೆಕ್ಸ್ ಎನ್ನುತ್ತಾರೆ. ಅಂಗಡಿಯ ಗದ್ದಲಕ್ಕೆ ಮುಚ್ಚಿದ್ದ ಮೈಕು ತಾಯಿಯವರ ಮೆಲುದನಿಗೆ ತಡವಾಗಿ ತೆರೆದಾಗ ಮೊದಲ ಅಕ್ಷರ ಹೊರಗುಳಿಯಿತು. ನಮ್ಮ ಕನ್ನಡದ ಎಣಿಕೆಯಲ್ಲಾದರೋ ಅರ್ಥವೆಲ್ಲ ಮೊದಲ ಅಕ್ಷರದಲ್ಲಿದೆ. ಅದನ್ನು ತೆಗೆದರೆ ಇಪ್ಪತ್ತೂ ಎಪ್ಪತ್ತೂ ಒಂದೇ. ಮೂವತ್ತೂ ಐವತ್ತೂ ಒಂದೇ. ಒಂಬತ್ತು, ಎಂಬತ್ತು, ತೊಂಬತ್ತು ಒಂದೇ.

ದೂರವಾಣಿಯಲ್ಲಿ ದನಿ ಕೇಳುವುದೇ ಭಾಗ್ಯವೆಂಬ ಕಾಲವೊಂದಿತ್ತು. ಟ್ರಂಕ್ ಕಾಲ್ ಬರೆಸಿ ಗಂಟೆಗಟ್ಟಲೆ ಕಾದವರು ನಮ್ಮಲ್ಲಿ ಇನ್ನೂ ಇದ್ದಾರೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳ ಬಿಸಿಲು ಧೂಳುಗಳನ್ನು ತಾಳಿಕೊಂಡು, ಹವಾನಿಯಂತ್ರಣವಿಲ್ಲದೆ ನಡೆಯುವ ಪುಟ್ಟ ಎಕ್ಸ್‌ಚೇಂಜನ್ನು ರೂಪಿಸಿತು. ಅಂಥ ಮೊದಲ ಎಕ್ಸ್‌ಚೇಂಜು 1986ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಆರಂಭವಾಯಿತೆಂಬುದು ಹೆಮ್ಮೆಯ ಸಂಗತಿ. ಅಮೆರಿಕೆಯ ಪಾಲಿಕಾಮ್ ಕಂಪನಿಯು ಸೌಂಡ್‌ಸ್ಟೇಷನ್ ಎಂಬ ಮೂರು ಕಾಲಿನ ಕಾನ್ಫರೆನ್ಸ್ ಫೋನನ್ನು 1992ರಲ್ಲಿ ತಂದಿತು. ಮೂರು ಕಾಲುಗಳ ತುದಿಯ ಮೈಕುಗಳಿಂದ ಸುತ್ತಲಿನವರ ದನಿ ಹಿಡಿಯುವ ಆ ರೂಪವನ್ನೇ ಇಂದಿಗೂ ಅನೇಕ ಕಚೇರಿಗಳ ಮೇಜಿನ ಮೇಲೆ ಕಾಣಬಹುದು.

ಇನ್ನು ಕೊಳ್ಳುವ ಮಾತು. ಎರಡೂ ಕಡೆ ಒಬ್ಬೊಬ್ಬರೇ ಇದ್ದರೆ ಈ ಖರ್ಚೇ ಬೇಡ. ಕೈಯಲ್ಲಿರುವ ಮೊಬೈಲು ಸಾಕು. ಮೂರು ನಾಲ್ಕು ಜನ ಕೂಡುವಲ್ಲಿ ಮಾತ್ರ ಇದು ಬೇಕು.

ಮೊದಲು ಕೇಳಬೇಕಾದುದು, ಎರಡೂ ಕಡೆಯ ಮಾತು ಒಮ್ಮೆಲೇ ಹರಿಯುವುದೇ ಎಂಬುದನ್ನು. ಅದಕ್ಕೆ ಫುಲ್ ಡ್ಯೂಪ್ಲೆಕ್ಸ್ ಎನ್ನುತ್ತಾರೆ. ಅಂಥ ಉಪಕರಣವು ಮೈಕನ್ನು ಮುಚ್ಚದೆ, ತಾನು ಹೊರಡಿಸಿದ ದನಿಯಷ್ಟನ್ನೇ ಮೈಕಿಗೆ ಬಂದುದರಿಂದ ಕಳೆದು, ಉಳಿದುದನ್ನು ಅತ್ತ ಕಳುಹಿಸುತ್ತದೆ. ಪೆಟ್ಟಿಗೆಯ ಮೇಲೆ ಬರೆದಿದೆಯೆಂದು ನಂಬದೆ, ಇಬ್ಬರೂ ಕೂಡಿ ಮಾತನಾಡಿ ಪರೀಕ್ಷಿಸಿರಿ.

ಎರಡನೆಯದು ಮೈಕಿನ ಅಳವು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ದನಿಯ ಬಲ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಮನೆಯೊಳಗೆ ಆ ಕೊರತೆಯ ಜೊತೆಗೆ ಗೋಡೆಯ ಮಾರ್ದನಿಯೂ ಸೇರುತ್ತದೆ. ಪಡಸಾಲೆ ಉದ್ದವಿದ್ದರೆ ಹೆಚ್ಚುವರಿ ಮೈಕುಗಳನ್ನು ಜೋಡಿಸಬಹುದಾದುದನ್ನೇ ಆರಿಸಿರಿ. ಬರಿಯ ಸಿಮೆಂಟು ನೆಲ, ತಗಡಿನ ಮಾಡು ಇರುವಲ್ಲಿ ಜಮಖಾನೆ ಹಾಸಿ, ಗೋಡೆಗೊಂದು ಕಂಬಳಿ ತೂಗಬಿಟ್ಟರೆ ದುಬಾರಿ ಯಂತ್ರ ಮಾಡದ ಕೆಲಸವಾಗುತ್ತದೆ. ಫ್ಯಾನಿನ ಕೆಳಗೆ ಮಾತ್ರ ಇಡಬೇಡಿರಿ.

ಮೂರನೆಯದು ಸಂಪರ್ಕ. ಹಳೆಯ ತಂತಿ ದೂರವಾಣಿಯು ದನಿಯಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಭಾಗವನ್ನಷ್ಟೇ ಒಯ್ಯುತ್ತಿತ್ತು. ಇಂಟರ್‌ನೆಟ್ ಮೂಲಕ ನಡೆಯುವ ವೈಡ್‌ಬ್ಯಾಂಡ್ ಫೋನುಗಳು 7000 ಹರ್ಟ್ಸ್‌ವರೆಗೆ ಒಯ್ಯುವುದರಿಂದ ಸ, ಶ, ಫ ಮುಂತಾದ ಅಕ್ಷರಗಳು ನಿಚ್ಚಳವಾಗಿ ಕೇಳುತ್ತವೆ. ಆದರೆ ಎರಡೂ ಕಡೆಯ ಫೋನುಗಳಿಗೂ ನಡುವಿನ ಸಂಪರ್ಕಕ್ಕೂ ಆ ಶಕ್ತಿಯಿದ್ದರೆ ಮಾತ್ರ ಈ ಲಾಭ. ಮೊಬೈಲಿಗೂ ಕಂಪ್ಯೂಟರಿಗೂ ಜೋಡಿಸುವ, ಬ್ಯಾಟರಿಯುಳ್ಳ ಸಣ್ಣ ಉಪಕರಣಗಳೂ ಇವೆ. ಚಿಕ್ಕ ಅಂಗಡಿಗೆ ಅವು ಸಾಕಾಗುತ್ತವೆ. ಕರೆಂಟು ಹೋದಾಗ ಇಂಟರ್‌ನೆಟ್ಟಿನ ಪೆಟ್ಟಿಗೆಯೂ ನಿಲ್ಲುವುದರಿಂದ ಅದಕ್ಕೂ ಇನ್ವರ್ಟರ್ ಇರಲಿ. ಮೈಕು ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನು ತೋರುವ ದೀಪ ಎಲ್ಲರಿಗೂ ಕಾಣುವಂತಿರಬೇಕು. ಮುಚ್ಚಿದೆಯೆಂದು ತಿಳಿದು ಆಡಿದ ಮಾತು ಗಿರಾಕಿಯ ಕಿವಿಗೆ ಬಿದ್ದ ಪ್ರಸಂಗಗಳು ಕಡಿಮೆಯಲ್ಲ.

ಹಣ ಕೊಡುವ ಮುನ್ನ ಉಪಕರಣವನ್ನು ನಿಮ್ಮ ಮನೆಗೇ ತರಿಸಿ, ನಮ್ಮ ಹುಡುಗ ಮಾಡಿದ ಪರೀಕ್ಷೆಯನ್ನು ಮಾಡಿರಿ. ಅಂಗಡಿಯವನ ತಣ್ಣನೆಯ ಕೋಣೆಯಲ್ಲಿ ಎಲ್ಲ ಫೋನೂ ಚೆನ್ನಾಗಿಯೇ ಕೇಳಿಸುತ್ತದೆ. ಮನೆಯಲ್ಲಿ ಅತಿ ಮೆಲ್ಲಗೆ ಮಾತನಾಡುವವರನ್ನು ಅತಿ ದೂರ ಕೂರಿಸಿ ಹತ್ತುಗಳನ್ನು ಹೇಳಿಸಿರಿ. ಅತ್ತಲಿನವರು ಗದ್ದಲದ ನಡುವೆ ಬರೆದುಕೊಳ್ಳಲಿ. ಬಳಿಕ ಅತ್ತಲಿಂದ ಹೇಳಿಸಿ ನೀವು ಬರೆಯಿರಿ. ನಮಗೆ ಚೆನ್ನಾಗಿ ಕೇಳಿದೆಯೆಂದ ಮಾತ್ರಕ್ಕೆ ಅವರಿಗೂ ಕೇಳಿದೆಯೆಂದು ತಿಳಿಯಲಾಗದು.

ಎಷ್ಟು ಒಳ್ಳೆಯ ಯಂತ್ರ ತಂದರೂ ಒಂದು ರೂಢಿಯನ್ನು ಬಿಡಬಾರದು. ವಿಮಾನ ನಡೆಸುವವರು ನೆಲದಿಂದ ಬಂದ ಸೂಚನೆಯನ್ನು ಹಾಗೆಯೇ ಮರಳಿ ಒಪ್ಪಿಸುತ್ತಾರೆ. ನಮ್ಮ ಮನೆಯಲ್ಲಿಯೂ ಈಗ ತಾಯಿಯವರು, ‘ಇಪ್ಪತ್ತು, ಎರಡು ಸೊನ್ನೆ’ ಎನ್ನುತ್ತಾರೆ. ತಮ್ಮ, ‘ಎರಡು ಸೊನ್ನೆ, ಅವ್ವಾ’ ಎಂದು ಮರಳಿ ಹೇಳಿ, ಅದನ್ನೇ ಮೊಬೈಲಿನಲ್ಲಿ ಬರೆದು ಕಳುಹಿಸುತ್ತಾನೆ.

ಆ ಪಂಚಮಿಯ ಸಂಜೆ ಅಣ್ಣನವರು ತಾವಾಗಿಯೇ ಬ್ಯಾಡಗಿಗೆ ಹೋಗಿ ತಮ್ಮನನ್ನು ಊಟಕ್ಕೆ ಕರೆತಂದರು. ಹೊಸ ಫೋನು ಬಂದಾಗ ಅದರ ಹೆಚ್ಚುವರಿ ಮೈಕನ್ನು ತಾಯಿಯವರು ಕೂರುವ ಗೋಡೆಯ ಬಳಿಯೇ ಇರಿಸಿದೆವು. ಅಂದಿನಿಂದ ಅವರು ತಮ್ಮ ನೆನಪನ್ನು ಶಂಕಿಸಿದ್ದಿಲ್ಲ.